ಮಾರ್ಚ್ 21 ಹೌಸ್‌ಫುಲ್

ಮಾರ್ಚ್ 21ರ ಬೆಳಿಗ್ಗೆ ಏಳುವ ಪ್ರಜ್ಞಾವಂತ ನಾಗರಿಕನ ಪಾಡು ಯಾರಿಗೂ ಬೇಡ. ಹಲ್ಲುಜ್ಜುವಷ್ಟರಲ್ಲಿ ಕಾಡಿನ ಬಗ್ಗೆ ಮರುಗಬೇಕು, ಕಾಫಿಗೆ ಮುಂಚೆ ಕವಿತೆಯನ್ನು ಪ್ರೀತಿಸಬೇಕು, ತಿಂಡಿ ಹೊತ್ತಿಗೆ ಜನಾಂಗೀಯ ತಾರತಮ್ಯವನ್ನು ಖಂಡಿಸಬೇಕು. ಡೌನ್ ಸಿಂಡ್ರೋಮ್ ದಿನ ಅಂದೇ. ಬೊಂಬೆಯಾಟದ ದಿನ ಅಂದೇ. ಪರ್ಷಿಯನ್ನರ ಹೊಸವರ್ಷ ನೌರೋಜ್ ಹಬ್ಬದ ಅಂತರರಾಷ್ಟ್ರೀಯ ದಿನವೂ ಅಂದೇ. ಇಷ್ಟು ಜನ ಕೂತಿರುವ ಸೀಟಿಗೆ 2025ರಲ್ಲಿ ಹಿಮನದಿಗಳೂ ಬಂದು, "ಸ್ವಲ್ಪ ಸರೀರಿ ಸ್ವಾಮಿ" ಎಂದು ತುದಿಯಲ್ಲಿ ಕೂತವು.

ಹಿಂದಿನ ದಿನವೇನೂ ಖಾಲಿ ಇರಲಿಲ್ಲ. 20ಕ್ಕೆ ಸಂತೋಷದ ದಿನ, ಜೊತೆಗೆ ಬಾಯಿ ಆರೋಗ್ಯದ ದಿನ. ನಕ್ಕರೆ ಹಲ್ಲು ಕಾಣಬೇಕಲ್ಲ. ಗುಬ್ಬಚ್ಚಿಗಳದ್ದೂ ಅದೇ ತಾರೀಖು. 22 ನೀರಿಗೆ, 23 ಹವಾಮಾನಕ್ಕೆ, 24 ಕ್ಷಯರೋಗಕ್ಕೆ.

ಈ ನೂಕುನುಗ್ಗಲಿಗೆ ಮೂಲ ಕಾರಣ ಸೂರ್ಯ. ಹಗಲು ರಾತ್ರಿ ಸಮವಾಗುವ ದಿನ, ಉತ್ತರದ ಚಳಿ ದೇಶಗಳಲ್ಲಿ ವಸಂತದ ಬಾಗಿಲು ತೆರೆಯುವ ದಿನ ಎಂಬ ಲೆಕ್ಕದಲ್ಲಿ 21ಕ್ಕೆ ಬೇಡಿಕೆ ಕುದುರಿತು. ಆಹಾರ ಮತ್ತು ಕೃಷಿ ಸಂಸ್ಥೆ 1971ರಲ್ಲಿ ಅದನ್ನು ಅರಣ್ಯಕ್ಕೆ ಕೊಟ್ಟಿತು. 2012ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದೇ ಅರಣ್ಯಕ್ಕೆ ಅದೇ ದಿನವನ್ನು ಇನ್ನೊಮ್ಮೆ ಕೊಟ್ಟಿತು. ನಡುವೆ 1999ರಲ್ಲಿ ಯುನೆಸ್ಕೊ ಕವಿಗಳನ್ನು ತಂದು ಕೂರಿಸಿತ್ತು. ತಮಾಷೆಯೆಂದರೆ 2025ರಲ್ಲಿ ಆ ಸಮ ಹಗಲು ಬಂದದ್ದು 20ರ ಮಧ್ಯಾಹ್ನ ಎರಡೂವರೆಗೆ. ಅತಿಥಿಗಳೆಲ್ಲ ಸೇರುವ ಹೊತ್ತಿಗೆ ಮದುಮಗ ಊಟ ಮುಗಿಸಿ ಹೊರಟಿದ್ದ.

ಈ ತಾರೀಖಿನ ಮೇಲೆ ಸರಿಯಾದ ದಾಖಲೆ ಇರುವವರೂ ಇದ್ದಾರೆ, ಇಲ್ಲವೆನ್ನಲಾಗದು. ನೌರೋಜ್ ಸಾವಿರಾರು ವರ್ಷದ ಹಳೇ ನಿವಾಸಿ. ಡೌನ್ ಸಿಂಡ್ರೋಮ್ ಆಗುವುದು 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇದ್ದಾಗ. ಹಾಗಾಗಿ ಮೂರನೇ ತಿಂಗಳ 21 ಅವರಿಗೆ ಬಿಟ್ಟರೆ ಇನ್ಯಾರಿಗೂ ಒಪ್ಪುವುದಿಲ್ಲ. ಇನ್ನು 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಕರಿಯರು ಸದಾ ಗುರುತಿನ ಪಾಸ್ ಇಟ್ಟುಕೊಂಡೇ ಓಡಾಡಬೇಕೆಂಬ ಕಾನೂನು ವಿರೋಧಿಸಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಆ ದಿನವನ್ನು ನೆನೆಯಲು ಯಾವ ವಸಂತದ ನೆಪವೂ ಬೇಕಿಲ್ಲ. ಉಳಿದವರದ್ದೆಲ್ಲ ಬಗರ್‌ಹುಕುಂ ಸಾಗುವಳಿ.

ವಿಶ್ವಸಂಸ್ಥೆಯ ಇಂಥ ನಿರ್ಣಯಗಳನ್ನು ಬಿಡುವಾದಾಗ ಓದಬೇಕು, ಚೆನ್ನಾಗಿರುತ್ತವೆ. ಸದಸ್ಯ ರಾಷ್ಟ್ರಗಳು ಈ ದಿನವನ್ನು 'ಸೂಕ್ತ ರೀತಿಯಲ್ಲಿ' ಆಚರಿಸಲಿ ಎಂದು ಕೋರುತ್ತಾರೆ. ಇತ್ತೀಚಿನ ಬಹುತೇಕ ನಿರ್ಣಯಗಳಲ್ಲಿ ಕೆಳಗೊಂದು ಸಾಲು: ಖರ್ಚುವೆಚ್ಚವೆಲ್ಲ ಸ್ವಯಂಪ್ರೇರಿತ ದೇಣಿಗೆಯಿಂದಲೇ ನಡೆಯತಕ್ಕದ್ದು. ದಿನ ನಮ್ಮದು, ದುಡ್ಡು ನಿಮ್ಮದು. ಕಾಡಿಗೆ ಹತ್ತು ಎಕರೆ ಕೊಡಬೇಕೆಂದರೆ ಕಂದಾಯದವರು, ಅರಣ್ಯದವರು ಜಂಟಿ ಸರ್ವೆಗೆ ಬರಬೇಕು, ಬಂದಮೇಲೆ ಜಗಳವಾಡಬೇಕು, ಕಡತ ಬೆಂಗಳೂರಿಗೆ ಹೋಗಿ ಮುಪ್ಪಾಗಿ ಬರಬೇಕು. ದಿನ ಕೊಡುವುದಕ್ಕೆ ಪೋಡಿ ಬೇಡ, ಪಹಣಿ ಬೇಡ, ನೋಂದಣಿ ಶುಲ್ಕವೂ ಇಲ್ಲ. ಏನು ಕೇಳಿದರೂ ಸರ್ಕಾರಗಳು ಧಾರಾಳವಾಗಿ ದಿನ ಕೊಡುವುದು ಇದಕ್ಕೇ.

'ಸೂಕ್ತ ರೀತಿ' ಎಂದರೆ ನಮ್ಮಲ್ಲಿ ವೇದಿಕೆ, ಶಾಲು, ಸಸಿಗೆ ನೀರೆರೆದು ಉದ್ಘಾಟನೆ. ಮಾರ್ಚ್‌ನಲ್ಲಿ ಸಸಿ! ನಮ್ಮ ಕಾಡುಗಳಲ್ಲಿ ಆಗ ಎಲೆ ಉದುರಿ ತರಗು ಗರಗರ ಎನ್ನುತ್ತಿರುತ್ತದೆ. ಬೆಂಕಿ ರೇಖೆ ಕಾಯುತ್ತಾ ಬಿದ್ದಿರುವ ಫಾರೆಸ್ಟ್ ವಾಚರ್‌ಗೆ ತನ್ನ ಹೆಸರಲ್ಲಿ ಊರಲ್ಲೊಂದು ಭಾಷಣ ನಡೆಯುತ್ತಿದೆಯೆಂದು ತಿಳಿಯುವ ಸಂಭವವೂ ಕಡಿಮೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಮರೆತಿಲ್ಲ ತಾನೆ? ಮಳೆ ನೋಡಿಕೊಂಡು ಜುಲೈನಲ್ಲಿ ಗಿಡ ನೆಡಿ ಎಂದು 1950ರಲ್ಲೇ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ವನಮಹೋತ್ಸವ ಶುರು ಮಾಡಿದ್ದರು. ಆದರೆ ಜುಲೈನಲ್ಲಿ ಅನುದಾನ ಬಂದಿರುವುದಿಲ್ಲ. ಮಾರ್ಚ್‌ನಲ್ಲಿ ಬಂದದ್ದು 31ರೊಳಗೆ ಮುಗಿಯಬೇಕು. 2024ರ ಮಾರ್ಚ್‌ನಲ್ಲಂತೂ ಬೆಂಗಳೂರು ಜಲಮಂಡಳಿ, ಕುಡಿಯುವ ನೀರನ್ನು ಕಾರು ತೊಳೆಯಲೋ ಕೈತೋಟಕ್ಕೋ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಆ ವರ್ಷ ಅರಣ್ಯ ದಿನದಂದು ನಗರದಲ್ಲಿ ಸಸಿಗೆ ನಲ್ಲಿ ನೀರು ಹೊಯ್ದವರು ಪರಿಸರಪ್ರೇಮಿಗಳೋ ಅಪರಾಧಿಗಳೋ ಎಂಬುದು ಇತ್ಯರ್ಥವಾಗಿಲ್ಲ.

2025ರ ಮಾರ್ಚ್ 21ಕ್ಕಂತೂ ಸರಿಸಾಟಿಯಿಲ್ಲ. ವಿಶ್ವ ಕಾವ್ಯ ದಿನ, ಶುಕ್ರವಾರ, ಎಸ್ಸೆಸ್ಸೆಲ್ಸಿ ಪರೀಕ್ಷೆ ಅಂದೇ ಆರಂಭ, ಮೊದಲ ಪತ್ರಿಕೆ ಪ್ರಥಮ ಭಾಷೆ. ಕಂಠಪಾಠದ ಪದ್ಯ ಪೂರ್ಣಗೊಳಿಸಲು ಪೆನ್ನು ಕಚ್ಚುತ್ತಾ ಕೂತ ಮಕ್ಕಳಿಗಿಂತ ತೀವ್ರವಾಗಿ ಅಂದು ಜಗತ್ತಿನಲ್ಲಿ ಯಾರೂ ಕಾವ್ಯವನ್ನು ನೆನೆದಿರಲಾರರು. ಅರಣ್ಯ ದಿನವನ್ನು ವಿಧಾನಸಭೆ ಆಚರಿಸಿತು: ಮಸೂದೆಯ ಪ್ರತಿಗಳನ್ನು ಹರಿದು ಸಭಾಧ್ಯಕ್ಷರ ಪೀಠದತ್ತ ತೂರಲಾಯಿತು, 18 ಶಾಸಕರಿಗೆ ಆರು ತಿಂಗಳ ಅಮಾನತಿನ ಆದೇಶವಾಯಿತು, ಆ ಗದ್ದಲದಲ್ಲೇ ಶಾಸಕರ ಸಂಬಳ ಹೆಚ್ಚಿಸುವ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಬೊಂಬೆಯಾಟದ ದಿನಕ್ಕೆ ಪ್ರತ್ಯೇಕ ಕಾರ್ಯಕ್ರಮ ಬೇಕಾಗಲಿಲ್ಲ.

ಈಗ ಒಂದು ತಾಲ್ಲೂಕನ್ನು ಊಹಿಸಿಕೊಳ್ಳಿ. ಹೆಸರು ನಿಮ್ಮೂರಿನದೇ ಇಟ್ಟುಕೊಂಡರೂ ನಡೆಯುತ್ತದೆ. ಏಳು ಸುತ್ತೋಲೆಗಳು ಒಟ್ಟಿಗೆ ಬಂದು ಬಿದ್ದಿವೆ. ಸಾಹೇಬರು ಅನುಭವಸ್ಥರು. "ಒಂದೇ ಶಾಮಿಯಾನ, ಒಂದೇ ಫ್ಲೆಕ್ಸು, ಏಳು ಬಿಲ್ಲು" ಎಂದರು. ಫ್ಲೆಕ್ಸನ್ನು 2016ರಲ್ಲೇ ರಾಜ್ಯದಲ್ಲಿ ನಿಷೇಧಿಸಲಾಗಿದೆ ಎಂದು ಹೊಸದಾಗಿ ಸೇರಿದ ಎಫ್‌ಡಿಎ ನೆನಪಿಸಿದ. ಅವನನ್ನು ಕುರ್ಚಿ ಜೋಡಿಸಲು ಕಳಿಸಿದರು.

ತೊಗಲುಗೊಂಬೆಯವರನ್ನು ಹನ್ನೊಂದು ಗಂಟೆಗೆ ಕರೆಸಲಾಯಿತು. ಆ ವರ್ಷವೇ ಕೊಪ್ಪಳ ಜಿಲ್ಲೆ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಿದ್ದರಿಂದ ಆ ಕಲೆ ಇಲಾಖೆಯ ಗಮನಕ್ಕೆ ಬಂದಿತ್ತು. ನೆರಳಿನಾಟಕ್ಕೆ ಕತ್ತಲೆ ಬೇಕು ಎಂದರು ಮೇಳದ ಅಜ್ಜ. "ಕರೆಂಟ್ ತೆಗೆಸೋಣ ಬಿಡಿ" ಎಂದರು ಸಾಹೇಬರು. ಕರೆಂಟ್ ಹೋಯಿತು, ಬಿಸಿಲು ಹೋಗಲಿಲ್ಲ. ಹಿಮನದಿ ಎಲ್ಲಿ ಸಿಗುತ್ತದೆ ಎಂಬ ಚಿಂತೆ ಸಣ್ಣದಿರಲಿಲ್ಲ; ಮುಖ್ಯ ಅತಿಥಿಗಳ ಎಳನೀರಿಗೆ ತರಿಸಿದ್ದ ಐಸ್‌ಗಡ್ಡೆಯ ಮುಂದೆ ನಿಂತು ಎಲ್ಲರೂ ಪ್ರತಿಜ್ಞೆ ಸ್ವೀಕರಿಸಿದರು. ಪ್ರತಿಜ್ಞೆ ಮುಗಿಯುವಷ್ಟರಲ್ಲಿ ಅದು ಅರ್ಧವಾಗಿತ್ತು, ವಿಷಯಕ್ಕೆ ತಕ್ಕಂತೆಯೇ. ಡೌನ್ ಸಿಂಡ್ರೋಮ್ ಇರುವ ಮಗಳನ್ನು ಕರೆದುಕೊಂಡು ಒಬ್ಬ ತಾಯಿ ಬಂದಿದ್ದರು. ಅವರ ಮಾತಿಗೆ ಸಮಯ ಉಳಿಯಲಿಲ್ಲ. ಕವಿಗಳು ಮಾತ್ರ ತಮ್ಮ ಸಮಯ ಬಿಡಲಿಲ್ಲ.

ಕೊನೆಗೆ ಹಿತ್ತಲಲ್ಲಿ ಗುಂಡಿ ತೋಡಿ ಹೊಂಗೆ ಸಸಿ ಇಟ್ಟು, ಹದಿನಾಲ್ಕು ಕೈಗಳು ಅದರ ಕತ್ತು ಹಿಡಿದು ಜಿಪಿಎಸ್ ಫೋಟೊ ತೆಗೆಸಿಕೊಂಡವು. ಜವಾನ ಬಿಂದಿಗೆ ಎತ್ತಿ ಸುರಿಯಬೇಕು, ಸಾಹೇಬರು ತಡೆದರು.

"ಇವತ್ತು ಹಾಕಬೇಡವೋ. ನಾಳೆ ಜಲ ದಿನ. ನೀರು ಹಾಕುವ ಫೋಟೊ ನಾಳೆಗೆ ಇರಲಿ."

ನಾಳೆ ನಾಲ್ಕನೇ ಶನಿವಾರ, ಕಚೇರಿಗೆ ರಜೆ. ಸಾಲದ್ದಕ್ಕೆ ಕರ್ನಾಟಕ ಬಂದ್ ಕರೆ. ನಾಡಿದ್ದು ಭಾನುವಾರ. ಸೋಮವಾರ ಜವಾನ ಬಿಂದಿಗೆ ಹಿಡಿದು ಕೇಳಿದಾಗ ಸಾಹೇಬರು ಪಟ್ಟಿ ನೋಡಿದರು. ಅಂದು ಕ್ಷಯರೋಗ ದಿನ. ವಿಷಯ ಆರೋಗ್ಯ ಇಲಾಖೆಗೆ ಸಂಬಂಧಿಸಿದ್ದು.