ಚೆಂಡು ಕಳೆದುಕೊಂಡ ಮೇಲಿನ ಹತ್ತು ಸೆಕೆಂಡುಗಳು

2025ರ ಜೂನ್‌ನಲ್ಲಿ ನಮ್ಮ ಪುರುಷರ ಹಾಕಿ ತಂಡ, ರಾಷ್ಟ್ರೀಯ ತಂಡಗಳ ಲೀಗ್ ಆದ ಪ್ರೊ ಲೀಗ್‌ನ ಯುರೋಪ್ ಹಂತದಲ್ಲಿ ಸತತ ಏಳು ಪಂದ್ಯಗಳನ್ನು ಸೋತಿತು. ನೆದರ್ಲೆಂಡ್ಸ್, ಅರ್ಜೆಂಟೀನಾ, ಆಸ್ಟ್ರೇಲಿಯಾಗಳ ಎದುರು ಎರಡೆರಡು, ಬೆಲ್ಜಿಯಂ ಎದುರು ಒಂದು. ಬೆಲ್ಜಿಯಂ ಎದುರಿನ 3-6ರ ಸೋಲನ್ನು ಬಿಟ್ಟರೆ ಉಳಿದ ಆರೂ ಸೋಲುಗಳು ಒಂದೇ ಗೋಲಿನ ಅಂತರದವು. ಅದರ ಬೆನ್ನಿಗೇ ಅದೇ ಬೆಲ್ಜಿಯಂ ತಂಡವನ್ನು 4-3ರಿಂದ ಮಣಿಸಿ, ಒಂಬತ್ತು ತಂಡಗಳ ಪಟ್ಟಿಯಲ್ಲಿ ಎಂಟನೆಯ ಸ್ಥಾನದೊಂದಿಗೆ ತಂಡ ಊರಿಗೆ ಮರಳಿತು. ಮೂರು ತಿಂಗಳು ಕಳೆಯುವುದರೊಳಗೆ ರಾಜ್‌ಗೀರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದದ್ದೂ ಇದೇ ತಂಡ, ಇದೇ ಕೋಚ್. ಇದಾದ ಮೇಲೆ, ಈ ತಂಡ ಆಡುವುದು ಯಾವ ಬಗೆಯ ಹಾಕಿ ಎಂದು ಯಾರಾದರೂ ಕೇಳಿದರೆ ಒಂದು ವಾಕ್ಯದಲ್ಲಿ ಉತ್ತರಿಸಲು ನನಗೆ ಆಗುತ್ತಿಲ್ಲ. ಆಸ್ಟ್ರೇಲಿಯಾದ ಬಗ್ಗೆ ಇದೇ ಪ್ರಶ್ನೆ ಬಂದರೆ ಯೋಚಿಸುವ ಅಗತ್ಯವೇ ಇರುವುದಿಲ್ಲ.

ತಂಡ ಸೋತಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ನಮ್ಮದೇ ಆಟವನ್ನು ಬಿಟ್ಟು ಯುರೋಪಿನವರನ್ನು ಅನುಕರಿಸಲು ಹೋಗಿ ಕೆಟ್ಟೆವು ಎಂಬುದು ಒಂದು. ಯುರೋಪಿನವರ ಶಿಸ್ತನ್ನು ಇನ್ನೂ ಕಲಿಯದೆ ಕೆಟ್ಟೆವು ಎಂಬುದು ಇನ್ನೊಂದು. ಒಂದೇ ಸೋಲಿಗೆ ಪರಸ್ಪರ ವಿರುದ್ಧವಾದ ಎರಡು ಕಾರಣಗಳು, ಎರಡನ್ನೂ ಅಷ್ಟೇ ಖಚಿತವಾಗಿ ಹೇಳಲಾಗುತ್ತದೆ. ಒಬ್ಬರೇ ಒಂದೇ ವಾರದಲ್ಲಿ ಎರಡನ್ನೂ ಹೇಳಿದ್ದನ್ನು ನಾನು ಕೇಳಿದ್ದೇನೆ. ನಾನೂ ಹಾಗೆ ಹೇಳಿರಬಹುದು.

ಈ 'ನಮ್ಮದೇ ಆಟ' ಎಂಬುದು ಏನೆಂದು ಮೊದಲು ನೋಡಬೇಕು. 1928ರ ಆಮ್‌ಸ್ಟರ್‌ಡ್ಯಾಂನಿಂದ 1956ರ ಮೆಲ್ಬರ್ನ್‌ವರೆಗೆ ಸತತ ಆರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ತಂದ ಆಟ ಅದು. ಐವರು ಫಾರ್ವರ್ಡ್‌ಗಳು ಸಾಲಾಗಿ ನಿಂತು, ಇನ್‌ಸೈಡ್ ಆಟಗಾರನೂ ಪಕ್ಕದ ವಿಂಗರ್‌ನೂ ಸಣ್ಣ ಸಣ್ಣ ಪಾಸ್‌ಗಳಲ್ಲಿ ತ್ರಿಕೋನ ಹೆಣೆಯುತ್ತ, ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಒಬ್ಬಿಬ್ಬರು ಡಿಫೆಂಡರ್‌ಗಳನ್ನು ದಾಟಿ ಗೋಲಿನ ಮುಂದಿನ ವೃತ್ತದೊಳಕ್ಕೆ ನುಗ್ಗುತ್ತಿದ್ದ ಆಟ. ಅದಕ್ಕೆ ತಕ್ಕಂಥ ನೆಲವೂ ಆಗ ಇತ್ತು. ಹುಲ್ಲಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆ, ಎಲ್ಲಿ ನಿಧಾನವಾಗುತ್ತದೆ ಎಂದು ಹೇಳಲಾಗದು. ಆದ್ದರಿಂದ ದೂರದ ಪಾಸ್‌ಗಿಂತ ಹತ್ತಿರದ ಕೈಚಳಕವನ್ನು ನಂಬುವುದೇ ಜಾಣತನವಾಗಿತ್ತು. ಆ ಆಟದ ಕೊನೆಯ ದೊಡ್ಡ ಫಲ 1975ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಗೆದ್ದ ವಿಶ್ವಕಪ್. ಅಲ್ಲಿಂದ ಹದಿನಾರು ತಿಂಗಳಿಗೆ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ನಡೆಯಿತು, ಮತ್ತು ವಿಶ್ವ ಚಾಂಪಿಯನ್ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು.

ಟರ್ಫ್ ಬಂದದ್ದರಿಂದ ನೆಲವೊಂದೇ ಬದಲಾಗಲಿಲ್ಲ. ಸಮತಟ್ಟಾದ ಮೇಲ್ಮೈಯಲ್ಲಿ ಚೆಂಡು ನಂಬಿಕೆಗೆ ಅರ್ಹವಾಯಿತು. ಓಡುವ ಮನುಷ್ಯನಿಗಿಂತ ಬಹಳ ವೇಗವಾಗಿ ಚೆಂಡೇ ಮೈದಾನವನ್ನು ದಾಟತೊಡಗಿತು. ಇಬ್ಬರನ್ನು ಡ್ರಿಬಲ್ ಮಾಡಿ ದಾಟುವಷ್ಟು ಹೊತ್ತಿಗೆ ಎದುರಾಳಿಗಳು ತಮ್ಮ ತಮ್ಮ ಜಾಗಗಳಿಗೆ ಮರಳಿ ನಿಲ್ಲುವಂತಾಯಿತು. ಮುಂದೆ 1990ರ ದಶಕದಲ್ಲಿ, ಡಿಫೆಂಡರ್‌ಗಳನ್ನು ಮೀರಿ ಮುಂದೆ ನಿಂತು ಚೆಂಡು ಪಡೆಯುವುದನ್ನು ತಡೆಯುತ್ತಿದ್ದ ಆಫ್‌ಸೈಡ್ ನಿಯಮವೂ ಹೋಯಿತು, ಆಟಗಾರರನ್ನು ಎಷ್ಟು ಬಾರಿ ಬೇಕಾದರೂ ಬದಲಿಸುವ ಅವಕಾಶವೂ ಬಂತು. ಹನ್ನೊಂದು ಮಂದಿ ಎಪ್ಪತ್ತು ನಿಮಿಷ ಆಡುತ್ತಿದ್ದ ಆಟವು ಹದಿನಾರು ಮಂದಿ ಸರದಿಯಂತೆ ಅರವತ್ತು ನಿಮಿಷ ಪೂರ್ಣ ವೇಗದಲ್ಲಿ ಓಡುವ ಆಟವಾಗಿ ಮಾರ್ಪಟ್ಟಿತು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದೆವು, ನಿಜ. ಆದರೆ ಹಲವು ಬಲಿಷ್ಠ ತಂಡಗಳು ಆ ಕೂಟವನ್ನು ಬಹಿಷ್ಕರಿಸಿದ್ದವು ಎಂಬುದನ್ನು ಆ ಸಂಭ್ರಮದಲ್ಲಿ ನಾವು ಮರೆತೆವು. ಮುಂದಿನ ಪದಕಕ್ಕೆ 41 ವರ್ಷ ಕಾಯಬೇಕಾಯಿತು. ಆ ನಡುವೆ 2008ರಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ, 2012ರಲ್ಲಿ ಲಂಡನ್‌ನಲ್ಲಿ ಹನ್ನೆರಡು ತಂಡಗಳ ಪೈಕಿ ಹನ್ನೆರಡನೆಯವರಾದೆವು.

ದಾಳಿಯ ಹಾಕಿ ನಮ್ಮ ರಕ್ತದಲ್ಲೇ ಇದೆ ಎನ್ನುವವರ ಮೇಲೆ ನನಗೆ ಗೌರವವಿದೆ, ಏಕೆಂದರೆ ಅವರಲ್ಲಿ ಅನೇಕರು ಆ ಆಟವನ್ನು ಕಣ್ಣಾರೆ ಕಂಡವರು. ಆದರೆ 1975 ಮತ್ತು 1976ರ ನಡುವೆ ನಮ್ಮ ರಕ್ತವೇನೂ ಬದಲಾಗಿರಲಿಲ್ಲ.

ಈ ಮಾತಿನ ಇನ್ನೊಂದು ಮುಖ ಕೋಚ್‌ಗಳ ಕಥೆ. 2011ರಿಂದ 2019ರವರೆಗಿನ ಎಂಟು ವರ್ಷಗಳಲ್ಲಿ ತಂಡದ ಹೊಣೆ ಹೊತ್ತವರ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ: ಮೈಕೆಲ್ ನಾಬ್ಸ್, ಟೆರ್ರಿ ವಾಲ್ಷ್, ಪಾಲ್ ವ್ಯಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನ್, ಹರೇಂದ್ರ ಸಿಂಗ್, ಗ್ರಹಾಂ ರೀಡ್. ಮೂವರು ಆಸ್ಟ್ರೇಲಿಯನ್ನರು, ಮೂವರು ಡಚ್ಚರು, ಒಬ್ಬ ಭಾರತೀಯ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ನಕ್ಷೆ. ವಾಲ್ಷ್ 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆಲ್ಲಿಸಿ, ಕೆಲವೇ ವಾರಗಳಲ್ಲಿ ಆಡಳಿತದೊಂದಿಗಿನ ಭಿನ್ನಾಭಿಪ್ರಾಯದಿಂದ ಹೊರನಡೆದರು. ರಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆಯನ್ನು ತಂದುಕೊಟ್ಟ ಗೆಲುವು ಅದು. ಮರೈನ್ ಅವರನ್ನು ಮಹಿಳಾ ತಂಡದಿಂದ ಪುರುಷರ ತಂಡಕ್ಕೆ ತಂದು, ತಿಂಗಳುಗಳ ಬಳಿಕ ಮತ್ತೆ ಮಹಿಳಾ ತಂಡಕ್ಕೇ ಕಳುಹಿಸಲಾಯಿತು. ಅವರೇ ಮುಂದೆ 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳೆಯರನ್ನು ನಾಲ್ಕನೆಯ ಸ್ಥಾನಕ್ಕೆ ತಲುಪಿಸಿದರು ಎಂಬುದನ್ನು ನೆನೆದರೆ, ತಪ್ಪು ಕೋಚ್‌ನಲ್ಲಿತ್ತೋ ಅವರನ್ನು ಬದಲಿಸಿದವರ ಅವಸರದಲ್ಲಿತ್ತೋ ಎಂದು ಕೇಳಬೇಕಾಗುತ್ತದೆ.

ಆ ವರ್ಷಗಳಲ್ಲಿ ತಂಡಕ್ಕೆ ಗುರುತೇ ಇರಲಿಲ್ಲವೆಂದಲ್ಲ. ಇದ್ದದ್ದು ಒಬ್ಬಿಬ್ಬರ ಗುರುತು. ಎಸ್.ವಿ. ಸುನಿಲ್ ಬಲಬದಿಯಲ್ಲಿ ಗೆರೆಗುಂಟ ಓಡತೊಡಗಿದರೆ ಅವರನ್ನು ಹಿಡಿಯಬಲ್ಲ ಡಿಫೆಂಡರ್‌ಗಳು ವಿರಳ, ಆದ್ದರಿಂದ ಹಿಂದಿನಿಂದ ಉದ್ದವಾಗಿ ಚೆಂಡು ಹೊಡೆದು ಸುನಿಲ್ ಬೆನ್ನಟ್ಟಲಿ ಎಂದು ಬಿಡುವುದೇ ಒಂದು ಯೋಜನೆಯಾಗಿತ್ತು. ಎದುರಾಳಿಯ ತಪ್ಪಿಗೆ ಗೋಲಿನ ಬಳಿ ಸಿಗುವ ಪೆನಾಲ್ಟಿ ಕಾರ್ನರ್ ಸಿಕ್ಕರೆ, ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್ ಇತ್ತು. ಇಬ್ಬರೂ ಕೊಡಗಿನವರು ಎಂಬ ಹೆಮ್ಮೆಯಿಂದ ನಾನೂ ಅವರ ಆಟವನ್ನು ಬೇರೆಯವರದ್ದಕ್ಕಿಂತ ಹೆಚ್ಚು ಗಮನವಿಟ್ಟು ನೋಡಿದವನು. ಆದರೆ ಎದುರಾಳಿ ಸುನಿಲ್ ಅವರ ದಾರಿಗೆ ಇಬ್ಬರನ್ನು ಅಡ್ಡ ನಿಲ್ಲಿಸಿದ ದಿನ ಉಳಿದವರು ಏನು ಮಾಡಬೇಕು ಎಂಬುದಕ್ಕೆ ತಂಡದಲ್ಲಿ ಒಮ್ಮತದ ಉತ್ತರ ಕಾಣುತ್ತಿರಲಿಲ್ಲ.

ತಂಡವೊಂದರ ಆಟದ ಗುರುತನ್ನು ಅದು ಚೆಂಡು ಹೊಂದಿರುವಾಗ ಹುಡುಕುವುದೇ ನಾವು ಮಾಡುತ್ತ ಬಂದ ತಪ್ಪು ಎಂಬುದು ನನ್ನ ಅಭಿಪ್ರಾಯ. ಚೆಂಡು ಕೈಯಲ್ಲಿದ್ದಾಗ ಎಲ್ಲ ಒಳ್ಳೆಯ ತಂಡಗಳೂ ಸುಮಾರಾಗಿ ಒಂದೇ ರೀತಿ ಕಾಣುತ್ತವೆ. ಕಳೆದುಕೊಂಡ ಮೇಲಿನ ಹತ್ತು ಸೆಕೆಂಡುಗಳಲ್ಲಿ ನಿಜವಾದ ವ್ಯತ್ಯಾಸ ಬಯಲಾಗುತ್ತದೆ. ಆಗ ತಂಡದ ಮುಂದೆ ಎರಡು ದಾರಿಗಳಿವೆ: ಎದುರಾಳಿಯ ಭಾಗದಲ್ಲೇ ಮುಗಿಬಿದ್ದು ಚೆಂಡನ್ನು ಮರಳಿ ಕಸಿದುಕೊಳ್ಳಲು ನೋಡುವುದು, ಇಲ್ಲವೇ ಮಧ್ಯರೇಖೆಯ ಹಿಂದಕ್ಕೆ ಸರಿದು ಬೇಲಿ ಕಟ್ಟಿ ಕಾಯುವುದು. ಎರಡೂ ಸರಿಯಾದ ದಾರಿಗಳೇ. ಆದರೆ ಹನ್ನೊಂದು ಮಂದಿಯೂ ಒಂದೇ ಸೆಕೆಂಡಿನಲ್ಲಿ, ಪರಸ್ಪರ ಕೇಳದೆ, ಒಂದೇ ದಾರಿಯನ್ನು ಹಿಡಿಯಬೇಕು. ಮೂವರು ಫಾರ್ವರ್ಡ್‌ಗಳು ಮುಂದಕ್ಕೆ ನುಗ್ಗಿ, ಮಿಡ್‌ಫೀಲ್ಡರ್‌ಗಳು ಅನುಮಾನದಿಂದ ಹಿಂದಕ್ಕೆ ಸರಿದರೆ ನಡುವೆ ತೆರೆದುಕೊಳ್ಳುವ ಬಯಲಿನಲ್ಲಿ ಎದುರಾಳಿಯ ಒಂದೇ ಪಾಸ್ ಐದಾರು ಮಂದಿಯನ್ನು ಆಟದಿಂದಲೇ ಹೊರಗಿಡುತ್ತದೆ. ಆಸ್ಟ್ರೇಲಿಯಾ ವಿರುದ್ಧ ಟೋಕಿಯೊದಲ್ಲಿ 1-7, ಮರುವರ್ಷ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಫೈನಲ್‌ನಲ್ಲಿ 0-7 ಎಂದು ಸೋತಾಗ ನಮ್ಮ ಆಟಗಾರರು ಓಡಲಿಲ್ಲವೆಂದು ಯಾರೂ ಹೇಳಲಾರರು. ಎಲ್ಲರೂ ಓಡಿದರು, ಬೇರೆ ಬೇರೆ ದಿಕ್ಕಿಗೆ ಓಡಿದರು.

ಇಂಥ ಒಮ್ಮತವು ಕೋಚ್ ಬರೆದುಕೊಟ್ಟ ಹಾಳೆಯಿಂದ ಬರುವುದಿಲ್ಲ, ಒಟ್ಟಿಗೆ ಆಡಿದ ವರ್ಷಗಳಿಂದ ಬರುತ್ತದೆ. 2016ರಲ್ಲಿ ಲಖನೌದಲ್ಲಿ ಬೆಲ್ಜಿಯಂ ತಂಡವನ್ನು ಸೋಲಿಸಿ ಜೂನಿಯರ್ ವಿಶ್ವಕಪ್ ಗೆದ್ದ ತಂಡದಲ್ಲಿ ಹರ್ಮನ್‌ಪ್ರೀತ್, ಮನ್‌ದೀಪ್, ಸಿಮ್ರನ್‌ಜೀತ್ ಇದ್ದರು. ಟೋಕಿಯೊದಲ್ಲಿ ಜರ್ಮನಿಯ ಎದುರು 1-3ರ ಹಿನ್ನಡೆಯಿಂದ ಎದ್ದು 5-4ರಿಂದ ಕಂಚು ಗೆದ್ದಾಗಲೂ ಅವರಿದ್ದರು. ಆ ಪಂದ್ಯದಲ್ಲಿ ಎರಡು ಗೋಲು ಸಿಮ್ರನ್‌ಜೀತ್ ಅವರದ್ದು. ಹನ್ನೊಂದು ದಿನಗಳ ಹಿಂದೆ ಏಳು ಗೋಲು ತಿಂದಿದ್ದ ತಂಡ ಹಾಗೆ ಎದ್ದು ನಿಲ್ಲಲು ರೀಡ್ ಅವರ ಸಂಯಮ ಎಷ್ಟು ಕಾರಣವೋ, ಈ ಹುಡುಗರು ಹದಿಹರೆಯದಿಂದ ಒಬ್ಬರ ಓಟವನ್ನು ಇನ್ನೊಬ್ಬರು ಅರಿತಿದ್ದದ್ದೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ. ಆದರೂ 2023ರ ವಿಶ್ವಕಪ್‌ನಲ್ಲಿ, ತವರಿನ ಒಡಿಶಾದಲ್ಲೇ, ನ್ಯೂಜಿಲೆಂಡ್ ಎದುರು ಶೂಟೌಟ್‌ನಲ್ಲಿ ಸೋತು ಕ್ವಾರ್ಟರ್ ಫೈನಲ್ ತಲುಪದೇ ಹೋದದ್ದಕ್ಕೆ ರೀಡ್ ರಾಜೀನಾಮೆ ಕೊಟ್ಟರು.

ಅವರ ಜಾಗಕ್ಕೆ ಬಂದ ಕ್ರೇಗ್ ಫುಲ್ಟನ್ ದಕ್ಷಿಣ ಆಫ್ರಿಕಾದವರು. ಬೆಲ್ಜಿಯಂ ವಿಶ್ವಕಪ್ಪನ್ನೂ ಒಲಿಂಪಿಕ್ ಚಿನ್ನವನ್ನೂ ಗೆದ್ದಾಗ ಆ ತಂಡದ ಸಹಾಯಕ ಕೋಚ್ ಆಗಿದ್ದರು. ಗೆಲ್ಲಬೇಕಾದರೆ ಮೊದಲು ರಕ್ಷಣೆ ಎಂಬ ಅವರ ನಿಲುವನ್ನು ಕೇಳಿ ನಮ್ಮ ಹಳೆಯ ಅಭಿಮಾನಿಗಳು ಹುಬ್ಬು ಗಂಟಿಕ್ಕಿದರು. ಆ ನಿಲುವನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್ ಪರೀಕ್ಷಿಸಿದಷ್ಟು ಕಠಿಣವಾಗಿ ಇನ್ನಾವುದೂ ಪರೀಕ್ಷಿಸಿರಲಾರದು. ಗ್ರೇಟ್ ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ಎರಡನೆಯ ಕ್ವಾರ್ಟರ್‌ನ ಆರಂಭದಲ್ಲೇ ರೆಡ್ ಕಾರ್ಡ್ ಪಡೆದು ಹೊರಹೋದರು. ನಲವತ್ತು ನಿಮಿಷಕ್ಕೂ ಹೆಚ್ಚು ಕಾಲ ಹತ್ತು ಮಂದಿಯೇ ಆಡಬೇಕಾಯಿತು. ಮುಗಿಬೀಳುವ ಆಯ್ಕೆಯೇ ಇಲ್ಲದ ಆ ಹೊತ್ತಿನಲ್ಲಿ ಹತ್ತೂ ಮಂದಿ ಒಂದೇ ದಾರಿ ಹಿಡಿದರು: ವೃತ್ತದ ಅಂಚಿನಲ್ಲಿ ಒತ್ತಾಗಿ ನಿಂತರು, ಬದಿಗಳನ್ನು ಬಿಟ್ಟುಕೊಟ್ಟರು, ಮಧ್ಯವನ್ನು ಬಿಟ್ಟುಕೊಡಲಿಲ್ಲ. 1-1ರಲ್ಲಿ ಪಂದ್ಯ ನಿಂತಿತು, ಶೂಟೌಟ್‌ನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಉಳಿದದ್ದನ್ನು ನೋಡಿಕೊಂಡರು. ಕಳೆದ ಹಲವು ವರ್ಷಗಳಲ್ಲಿ ಈ ತಂಡ ಏನೆಂಬುದು ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಆ ನಲವತ್ತು ನಿಮಿಷಗಳಲ್ಲಿ. ಅದು ಕಾಣಲು ಒಬ್ಬ ಆಟಗಾರ ಹೊರಹೋಗಬೇಕಾಯಿತು ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ.

ಫುಲ್ಟನ್ ಅವರನ್ನು ಟೀಕಿಸುವವರ ಒಂದು ಮಾತನ್ನು ನಾನು ಒಪ್ಪುತ್ತೇನೆ. ಪ್ಯಾರಿಸ್‌ನಲ್ಲಿ ನಾಯಕ ಹರ್ಮನ್‌ಪ್ರೀತ್ ಒಬ್ಬರೇ 10 ಗೋಲು ಹೊಡೆದರು. ಸ್ಪೇನ್ ವಿರುದ್ಧ ಕಂಚು ತಂದ 2-1ರ ಗೆಲುವಿನಲ್ಲಿ ಎರಡೂ ಗೋಲು ಅವರದ್ದೇ, ಎರಡೂ ಪೆನಾಲ್ಟಿ ಕಾರ್ನರ್‌ನಿಂದ ಬಂದವು. ಗಟ್ಟಿಯಾಗಿ ಕಾಯುವುದು, ಎದುರಾಳಿಯ ವೃತ್ತ ತಲುಪಿ ಕಾರ್ನರ್ ಸಂಪಾದಿಸುವುದು, ಉಳಿದದ್ದನ್ನು ನಾಯಕನ ಮಣಿಕಟ್ಟಿಗೆ ಬಿಡುವುದು: ಇದು ಪದಕ ತಂದಿತು, ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಇದು ಸುನಿಲ್ ಕಾಲದ ಲೆಕ್ಕವನ್ನೇ ಬೇರೆ ಹೆಸರಿನಲ್ಲಿ ಬರೆದಂತೆ. ಹಾಗಾಗಿ ಏಷ್ಯಾ ಕಪ್ ಫೈನಲ್‌ನಲ್ಲಿ ನನಗೆ ಟ್ರೋಫಿಗಿಂತ ಮುಖ್ಯವಾಗಿ ಕಂಡದ್ದು ಗೋಲು ಹೊಡೆದವರ ಪಟ್ಟಿ: ಸುಖ್‌ಜೀತ್ ಒಂದು, ದಿಲ್‌ಪ್ರೀತ್ ಎರಡು, ರೋಹಿದಾಸ್ ಒಂದು. ನಾಯಕನ ಹೆಸರು ಅದರಲ್ಲಿರಲಿಲ್ಲ. ಕೊರಿಯಾ ನೆದರ್ಲೆಂಡ್ಸ್ ಅಲ್ಲ ಎಂಬ ಆಕ್ಷೇಪ ಸರಿಯೇ.

ಜೂನ್‌ನ ಆ ಆರು ಒಂದು ಗೋಲಿನ ಸೋಲುಗಳಿಗೆ ಮರಳುತ್ತೇನೆ. ಒಮ್ಮೆ ಸೋತರೆ ದುರದೃಷ್ಟ ಎನ್ನಬಹುದು, ಎರಡು ಬಾರಿಯೂ ಎನ್ನಬಹುದು. ಆರು ಬಾರಿ ಹಾಗಾದರೆ, ಸಮಬಲದ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಮುನ್ನುಗ್ಗಬೇಕೋ ಕಾಯಬೇಕೋ ಎಂಬುದನ್ನು ತಂಡ ಇನ್ನೂ ತೀರ್ಮಾನಿಸಿಲ್ಲ ಎಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಇದಕ್ಕೆ ಮತ್ತೊಬ್ಬ ಕೋಚ್‌ನನ್ನು ಹುಡುಕುವುದು ನಮಗೆ ಅಭ್ಯಾಸವಾಗಿರುವ ಪರಿಹಾರ. ಅದರ ಬದಲು ಜೂನಿಯರ್ ಶಿಬಿರದಿಂದ ಹಿರಿಯರ ತಂಡದವರೆಗೆ ಚೆಂಡು ಕಳೆದುಕೊಂಡಾಗ ಮಾಡಬೇಕಾದುದನ್ನು ಒಂದೇ ಪಾಠವಾಗಿ ಕಲಿಸಿ, ಆ ಪಾಠವನ್ನು ಎರಡು ಒಲಿಂಪಿಕ್ಸ್‌ಗಳ ಕಾಲ ಮುಟ್ಟದೆ ಬಿಡಬೇಕು. 2017ರ ಬಳಿಕ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾದದ್ದು ನಮ್ಮ ಯುವಕರಿಗೆ ದೊಡ್ಡ ಆಟಗಾರರ ಪಕ್ಕದಲ್ಲಿ ಆಡುವ ಅವಕಾಶ ಕೊಟ್ಟಿದೆ. ಆದರೆ ಅಲ್ಲಿ ಪ್ರತಿ ಫ್ರಾಂಚೈಸಿಗೂ ಅದರದೇ ಕೋಚ್, ಅದರದೇ ಪಾಠ. ಕೆಲವು ವಾರಗಳ ಲೀಗ್‌ನಿಂದ ರಾಷ್ಟ್ರೀಯ ತಂಡದ ಒಗ್ಗಟ್ಟನ್ನು ನಿರೀಕ್ಷಿಸುವುದು ತಪ್ಪಾದೀತು.

ಮುಂದಿನ ವಿಶ್ವಕಪ್ 2026ರ ಆಗಸ್ಟ್‌ನಲ್ಲಿ, ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂಗಳಲ್ಲಿ. ಜೂನ್‌ನಲ್ಲಿ ನಾವು ಸಾಲಾಗಿ ಸೋತದ್ದು ಇದೇ ಎರಡು ದೇಶಗಳ ನೆಲದಲ್ಲಿ. ಅಲ್ಲಿ ನಮ್ಮ ತಂಡ ಎಷ್ಟು ಗೋಲು ಹೊಡೆಯುತ್ತದೆ ಎಂದು ಎಣಿಸುವ ಕೆಲಸವನ್ನು ಬೇರೆಯವರಿಗೆ ಬಿಡುತ್ತೇನೆ. ಒಂದು ಗೋಲಿನಿಂದ ಹಿಂದಿರುವಾಗ, ಐವತ್ತನೆಯ ನಿಮಿಷದ ಆಸುಪಾಸಿನಲ್ಲಿ, ಎದುರಾಳಿಯ ಇಪ್ಪತ್ತೈದು ಗಜದ ಗೆರೆಯ ಬಳಿ ನಮ್ಮ ಸ್ಟಿಕ್ಕಿನಿಂದ ಚೆಂಡು ಜಾರಿದ ಕ್ಷಣದಲ್ಲಿ ನಮ್ಮ ಹನ್ನೊಂದು ಮಂದಿ ಯಾವ ಕಡೆಗೆ ಮುಖ ಮಾಡುತ್ತಾರೆ ಎಂಬುದನ್ನು ನೋಡಲು ಕುಳಿತಿರುತ್ತೇನೆ.