ಅಕ್ಷಾಂಶ, ರೇಖಾಂಶ ಸಮೇತ ಪ್ರಜಾಪ್ರಭುತ್ವ

ಸಮಾಜ ವಿಜ್ಞಾನದ ಶಿಕ್ಷಕರಿಗೂ ಅವರ ವಿದ್ಯಾರ್ಥಿಗಳಿಗೂ ಇಂದಿನಷ್ಟು ಅವಕಾಶಗಳು ಹಿಂದೆಂದೂ ಒದಗಿರಲಿಲ್ಲ ಎಂಬುದನ್ನು ಶಿಕ್ಷಣ ಇಲಾಖೆಯ ಕಡುವಿರೋಧಿಗಳೂ ಒಪ್ಪಲೇಬೇಕು. ಒಂದು ಕಾಲದಲ್ಲಿ ಈ ವಿಷಯದ ಮೇಷ್ಟರಿಗಿದ್ದ ಆಸ್ತಿಯೆಂದರೆ ಮಡಿಕೆಯ ಜಾಗದಲ್ಲಿ ಹರಿದು ವಿಂಧ್ಯ ಪರ್ವತವನ್ನೇ ಕಳೆದುಕೊಂಡಿದ್ದ ಭಾರತದ ನಕ್ಷೆ, ಬೀರುವಿನ ಮೇಲೆ ದೂಳು ಹಿಡಿದು ಕುಳಿತ ಗ್ಲೋಬು ಮತ್ತು ಇಸವಿಗಳನ್ನು ಬಾಯಿಪಾಠ ಮಾಡಿಸಲು ಬೇಕಾದ ಗಂಟಲು. ಇವಿಷ್ಟನ್ನೇ ನಂಬಿಕೊಂಡು ಅವರು ಪಾಣಿಪತ್ತಿನ ಮೂರೂ ಯುದ್ಧಗಳನ್ನು ವರ್ಷವರ್ಷವೂ ಮುಗಿಸಿ, ಕೊನೆಗೊಂದು ದಿನ ಶಾಲು ಹಾರಗಳೊಂದಿಗೆ ನಿವೃತ್ತರಾಗುತ್ತಿದ್ದರು. ಈಗ ಹಾಗಲ್ಲ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಬೆಳವಣಿಗೆಗೆ ಮೀಸಲಿಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಿರೀಕ್ಷಿಸುತ್ತದೆ. ಆ ನೀತಿಯೇ ಬೇಡವೆಂದು ನಮ್ಮ ರಾಜ್ಯ ಸರ್ಕಾರ 2023ರಲ್ಲಿ ತನ್ನದೇ ಆಯೋಗವೊಂದನ್ನು ರಚಿಸಿತು ಎಂಬುದು ನಿಜ. ಆದರೆ ನೀತಿಯ ಬಗ್ಗೆ ಪಕ್ಷಗಳ ನಡುವೆ ಎಷ್ಟೇ ಜಗಳವಿದ್ದರೂ ತರಬೇತಿಯ ಬಗ್ಗೆ ಯಾರಿಗೂ ಯಾರೊಡನೆಯೂ ಜಗಳವಿಲ್ಲ. ಶಿಕ್ಷಕರನ್ನು ತರಗತಿಯಿಂದ ಹೊರಗೆ ಕರೆದು ಸಮೃದ್ಧಗೊಳಿಸಬೇಕೆಂಬ ವಿಷಯದಲ್ಲಿ ಈ ದೇಶದಲ್ಲಿ ಪೂರ್ಣ ಒಮ್ಮತವಿದೆ.

ಈ ಸಮೃದ್ಧಿಯ ಮೊದಲ ಬಾಗಿಲು ಮೊಬೈಲು. 2017ರ ಶಿಕ್ಷಕರ ದಿನಾಚರಣೆಯಂದು ದೀಕ್ಷಾ ಎಂಬ ಆನ್‌ಲೈನ್ ಕಲಿಕೆಯ ವೇದಿಕೆ ಬಂದಿತು. 2019ರ ಆಗಸ್ಟ್‌ನಲ್ಲಿ ಸುಮಾರು 42 ಲಕ್ಷ ಶಿಕ್ಷಕರ ಗುರಿಯಿಟ್ಟುಕೊಂಡು ನಿಷ್ಠಾ ಎಂಬ ಕೇಂದ್ರ ಸರ್ಕಾರದ ತರಬೇತಿ ಹೊರಟಿತು, ಮರುವರ್ಷ ಕೋವಿಡ್ ಬಂದದ್ದರಿಂದ ಅದೂ ದೀಕ್ಷಾದೊಳಗೇ ಹೋಗಿ ಸೇರಿಕೊಂಡಿತು. ಅಂದಿನಿಂದ ಶಿಕ್ಷಕರ ಕೊಠಡಿಯಲ್ಲಿ ಸಿಗ್ನಲ್ ಸಿಗುವ ಏಕೈಕ ಕಿಟಕಿಯ ಮೇಲೆ ಮೊಬೈಲುಗಳು ಸಾಲಾಗಿ ನಿಂತು ತಾವಾಗಿಯೇ ತರಬೇತಿ ಪಡೆಯುತ್ತಿವೆ. ಚಟುವಟಿಕೆಯ ಮೂಲಕ ಪಾಠ ಮಾಡುವುದು ಹೇಗೆ ಎಂಬ ವಿಡಿಯೊ ಕಿಟಕಿಯಲ್ಲಿ ಓಡುತ್ತಿರುವಾಗ ಪಕ್ಕದ ತರಗತಿಯಲ್ಲಿ ಒಂಬತ್ತನೆಯವರು ಅಭ್ಯಾಸದ ಪ್ರಶ್ನೋತ್ತರಗಳನ್ನು ಗೈಡಿನಿಂದ ನೋಟ್ಸಿಗೆ ಇಳಿಸುತ್ತಿರುತ್ತಾರೆ. ಕಡ್ಡಾಯವಾಗಿ ನೋಡಬೇಕಾದ ಅವಧಿ ಮುಗಿದು ಹಸಿರು ಗುರುತು ಮೂಡಿತೋ ಎಂದು ಮೇಷ್ಟರು ಆಗಾಗ ಎದ್ದು ಹೋಗಿ ನೋಡಿ ಬರುತ್ತಾರೆ. ಕೊನೆಯಲ್ಲಿ ಒಂದು ಪರೀಕ್ಷೆಯಿದೆ. ಶೇ 70 ಅಂಕ ಬಂದರೆ ಪ್ರಮಾಣಪತ್ರ, ಬರದಿದ್ದರೆ ಮತ್ತೆ ಪ್ರಯತ್ನಿಸಬಹುದು. ಆದರೆ ಎರಡನೆಯ ಪ್ರಯತ್ನದ ಅಗತ್ಯ ಯಾರಿಗೂ ಬೀಳುವುದಿಲ್ಲ, ಏಕೆಂದರೆ ಲಿಂಕ್ ಬಂದ ಸಂಜೆಯೇ ಸರಿಯುತ್ತರಗಳ ಪಟ್ಟಿಯೂ ತಾಲ್ಲೂಕಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ನಕಲು ಹೊಡೆದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟರೇ ಆ ಪಟ್ಟಿಗೆ ಕೈಮುಗಿಯುವ ಚಿಹ್ನೆಯೊಂದನ್ನು ಕಳಿಸುತ್ತಾರೆ. ಅವರನ್ನು ದೂರುವುದು ಅನ್ಯಾಯ. ಒಂದೇ ವಾರದಲ್ಲಿ ವಿಡಿಯೊವನ್ನೂ ನೋಡಿ, ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಾಹಿತಿಯನ್ನೂ ತುಂಬಿ, ಬಿಸಿಯೂಟದ ಲೆಕ್ಕವನ್ನೂ ಬರೆದು, ಪೋರ್ಷನ್ನನ್ನೂ ಮುಗಿಸಬೇಕಾದವರು ಯಾವುದಾದರೂ ಒಂದರಲ್ಲಿ ನಕಲು ಹೊಡೆಯಲೇಬೇಕಾಗುತ್ತದೆ. ಅವರು ಅತ್ಯಂತ ನಿರಪಾಯಕಾರಿಯಾದದ್ದನ್ನು ಆರಿಸಿಕೊಂಡಿದ್ದಾರೆ.

ಮೊಬೈಲು ಸಾಲದವರಿಗೆ ಮುಖಾಮುಖಿ ತರಬೇತಿಯೂ ಉಂಟು. ವಿದ್ಯಾರ್ಥಿಕೇಂದ್ರಿತ ಬೋಧನೆಯನ್ನು ಕುರಿತು ಅಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಮಾತನಾಡುತ್ತಾರೆ; ಪ್ರಶ್ನೆಗಳನ್ನು ಕೊನೆಯಲ್ಲಿ ಕೇಳಬೇಕೆಂಬ ಸೂಚನೆಯಿರುತ್ತದೆ, ಕೊನೆ ಬರುವ ಹೊತ್ತಿಗೆ ಊರಿನ ಬಸ್ಸಿನ ಹೊತ್ತೂ ಆಗಿರುತ್ತದೆ. ಆ ಸಂಪನ್ಮೂಲ ವ್ಯಕ್ತಿಯೂ ಮತ್ತೊಂದು ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರೇ ಆದ್ದರಿಂದ, ಕೇಳುವವರ ತರಗತಿಗಳ ಜೊತೆಗೆ ಹೇಳುವವರ ತರಗತಿಯೂ ಖಾಲಿಯಿರುತ್ತದೆ ಎಂಬುದನ್ನು ಗಮನಿಸಬೇಕು. ಮಧ್ಯಾಹ್ನದ ಮೇಲೆ ಗುಂಪು ಚಟುವಟಿಕೆ ನಡೆಯುತ್ತದೆ. ಐವರು ಐವರಾಗಿ ನೆಲದ ಮೇಲೆ ಕುಳಿತು, ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ‘ಉತ್ತಮ ಶಿಕ್ಷಕರ ಗುಣಗಳು’ ಎಂದು ಬರೆದು, ಸುತ್ತ ಹೂಬಳ್ಳಿ ಬಿಡಿಸಿ, ಗೋಡೆಗೆ ಅಂಟಿಸಿ ಮಂಡಿಸುತ್ತಾರೆ. ಮುಂದಿನ ತಂಡದವರು ಅದೇ ಚಾರ್ಟನ್ನು ತಿರುವಿ ಅದೇ ಗುಣಗಳನ್ನು ಹಿಂಬದಿಯಲ್ಲಿ ಬರೆಯುತ್ತಾರೆ. ಉತ್ತಮ ಶಿಕ್ಷಕರ ಮೊದಲ ಗುಣ ತರಗತಿಯಲ್ಲಿ ಹಾಜರಿರುವುದು ಎಂದು ಇದುವರೆಗೆ ಯಾವ ಗುಂಪೂ ಬರೆದ ಹಾಗಿಲ್ಲ. ಅನ್ಯ ಕರ್ತವ್ಯದ ಮೇಲೆ ಹೋಗಿದ್ದರೆಂದು ಸಾರುವ ಒಒಡಿ ಪ್ರಮಾಣಪತ್ರಕ್ಕೆ ಸಹಿ ಬೀಳುವ ಮುನ್ನ ಅಂಥದನ್ನು ಬರೆಯುವುದು ವಿವೇಕವೂ ಅಲ್ಲ.

ಆದರೂ ಈ ವಿಷಯದ ಶಿಕ್ಷಕರಿಗೆ ದೊರೆಯುವ ನಿಜವಾದ ಪ್ರಾಯೋಗಿಕ ಅನುಭವ ತರಬೇತಿ ಕೇಂದ್ರಗಳಲ್ಲಿ ಇಲ್ಲ, ಅದು ಕಾನೂನಿನಲ್ಲಿಯೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಶಿಕ್ಷಣೇತರ ಕೆಲಸಗಳಿಗೆ ನಿಯೋಜಿಸಬಾರದೆಂದು ಕಟ್ಟುನಿಟ್ಟಾಗಿ ಹೇಳಿ, ಅದೇ ಉಸಿರಿನಲ್ಲಿ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಸ್ಥಳೀಯ ಸಂಸ್ಥೆಯಿಂದ ಸಂಸತ್ತಿನವರೆಗಿನ ಚುನಾವಣೆಗಳನ್ನು ಮಾತ್ರ ಹೊರತುಪಡಿಸಿದೆ. ಈ ಮೂರೂ ಸಮಾಜ ವಿಜ್ಞಾನದ ಪಠ್ಯಪುಸ್ತಕದ ಪರಿವಿಡಿಯಿಂದಲೇ ಎತ್ತಿಕೊಂಡ ಹಾಗಿವೆ. ಮಸ್ಟರಿಂಗ್ ಕೇಂದ್ರದಲ್ಲಿ ಮತಯಂತ್ರವನ್ನು ಎಣಿಸಿ ಪಡೆದು, ರಾತ್ರಿ ಮತಗಟ್ಟೆಯ ನೆಲದ ಮೇಲೆ ಸೊಳ್ಳೆಗಳೊಂದಿಗೆ ಮಲಗಿ, ನಸುಕಿನಲ್ಲಿ ಪಕ್ಷಗಳ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ, ಅದನ್ನು ಅಳಿಸಿ ಯಂತ್ರಕ್ಕೆ ಮೊಹರು ಮಾಡಿ, ಸಂಜೆ 17ಸಿ ನಮೂನೆಯಲ್ಲಿ ಒಂದು ಮತವೂ ಹೆಚ್ಚುಕಡಿಮೆಯಾಗದಂತೆ ಲೆಕ್ಕ ಬರೆದು ಏಜೆಂಟರಿಗೆ ಪ್ರತಿ ಕೊಟ್ಟು, ನಡುರಾತ್ರಿ ಯಂತ್ರ ಮರಳಿಸುವ ಡಿ-ಮಸ್ಟರಿಂಗ್ ಸಾಲಿನಲ್ಲಿ ನಿಂತ ಶಿಕ್ಷಕಿಗೆ ಪ್ರಜಾಪ್ರಭುತ್ವದ ಬಗ್ಗೆ ತಿಳಿದಿರುವಷ್ಟು ಅದನ್ನು ಕುರಿತು ಭಾಷಣ ಮಾಡುವವರಿಗೆ ತಿಳಿದಿಲ್ಲ. ಮರುದಿನ ಅವರು ಹತ್ತನೇ ತರಗತಿಗೆ ಬಂದು ಆ ಒಂದು ರಾತ್ರಿಯನ್ನು ವಿವರಿಸಿದ್ದರೆ ಸಾಕಿತ್ತು. ಆದರೆ ಅದಕ್ಕೆ ಪಾಠಯೋಜನೆಯಲ್ಲಿ ಅಂಕಣವಿಲ್ಲ. ಬದಲಿಗೆ 2018ರ ಜನವರಿ 25ರಂದು ಚುನಾವಣಾ ಆಯೋಗ ಶುರುಮಾಡಿದ ಚುನಾವಣಾ ಸಾಕ್ಷರತಾ ಸಂಘವೊಂದು ಶಾಲೆಯಲ್ಲಿ ಇದೆ. ಅದರ ಸಂಚಾಲಕರೂ ಅವರೇ. ಸಂಘದ ವತಿಯಿಂದ ಮಕ್ಕಳು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಸ್ವೀಕರಿಸುವ ಫೋಟೊ ಹಿಂದಿನ ವಾರವೇ ಹೋಗಬೇಕಿತ್ತು, ಮತಗಟ್ಟೆಯ ಕೆಲಸದಿಂದಾಗಿ ತಡವಾಯಿತೆಂದು ಅವರಿಗೆ ನೋಟಿಸು ಬಂದಿರುತ್ತದೆ.

2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲೂ ಹೀಗೆಯೇ ಆಯಿತು. ಕಲಮಿನ ಮೂರು ವಿನಾಯಿತಿಗಳ ಜೊತೆಗೆ ನಾಲ್ಕನೆಯದನ್ನೂ ಕಂಡುಕೊಂಡ ಆಡಳಿತವು ಶಿಕ್ಷಕರ ಕೈಗೆ 60 ಪ್ರಶ್ನೆಗಳನ್ನು ಕೊಟ್ಟು ಮನೆಮನೆಗೆ ಕಳಿಸಿತು. ದಸರಾ ರಜೆ ಸಾಲದೆಂದು ಶಾಲೆಗಳನ್ನು ಅಕ್ಟೋಬರ್ 18ರವರೆಗೆ ಮುಚ್ಚಲಾಯಿತು. ಜಾತಿ, ಉಪಜಾತಿ, ಜಮೀನು, ಸಾಲ, ಶಾಲೆ ಬಿಟ್ಟ ಕಾರಣಗಳನ್ನೆಲ್ಲ ಒಂದೊಂದೇ ಹೊಸ್ತಿಲ ಮೇಲೆ ಕುಳಿತು ಕೇಳಿ ಬಂದವರು ಶಾಲೆ ತೆರೆದ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ನಷ್ಟವಾದ ದಿನಗಳನ್ನು ಸರಿದೂಗಿಸಲು ‘ಸಾಮಾಜಿಕ ಸ್ತರವಿನ್ಯಾಸ’ ಎಂಬ ಅಧ್ಯಾಯವನ್ನು ಒಂದೇ ಪಿರಿಯಡ್ಡಿನಲ್ಲಿ ಗಟ್ಟಿಯಾಗಿ ಓದಿ ಮುಗಿಸಿದ್ದು.

ಶಿಕ್ಷಕರ ಸಮೃದ್ಧಿಯನ್ನು ಇಲ್ಲಿಗೆ ಬಿಟ್ಟು ವಿದ್ಯಾರ್ಥಿಗಳ ಕಡೆಗೆ ಬಂದರೆ, ಅವರಿಗಾಗಿ ಯುವ ಸಂಸತ್ತು ಇದೆ. ಅರವತ್ತರ ದಶಕದಲ್ಲಿ ದೆಹಲಿಯ ಶಾಲೆಗಳಲ್ಲಿ ಆರಂಭವಾಗಿ ದೇಶದೆಲ್ಲೆಡೆ ಹಬ್ಬಿದ ಈ ಸ್ಪರ್ಧೆಯಲ್ಲಿ ವಿರೋಧ ಪಕ್ಷದ ಪ್ರಶ್ನೆ, ಮಂತ್ರಿಗಳ ಉತ್ತರ, ಸಭಾಧ್ಯಕ್ಷರ ‘ದಯವಿಟ್ಟು ಕುಳಿತುಕೊಳ್ಳಿ’ ಎಲ್ಲವನ್ನೂ ಸಮಾಜ ವಿಜ್ಞಾನದ ಮೇಷ್ಟರೊಬ್ಬರೇ ಹಿಂದಿನ ರಾತ್ರಿ ಬರೆದಿರುತ್ತಾರೆ. ಸಭಾತ್ಯಾಗಕ್ಕೂ ಹೊತ್ತು ಗೊತ್ತುಮಾಡಿರುತ್ತದೆ. ಮಕ್ಕಳು ಉಳಿದೆಲ್ಲವನ್ನೂ ತಡವರಿಸಿದರೂ ಗದ್ದಲವನ್ನು ಮಾತ್ರ ಅಭ್ಯಾಸವೇ ಇಲ್ಲದೆ ಸರಾಗವಾಗಿ ಮಾಡುತ್ತಾರೆ, ಅದಕ್ಕೆ ಟಿವಿಯ ಋಣವನ್ನು ನೆನೆಯಬೇಕು. ಇಂಥ ಒಂದು ಅಧಿವೇಶನದಲ್ಲಿ ಎಂಟನೇ ತರಗತಿಯ ವಿರೋಧ ಪಕ್ಷದ ಸದಸ್ಯೆಯೊಬ್ಬಳು ರೈತರ ಬೆಂಬಲ ಬೆಲೆಯ ಪ್ರಶ್ನೆ ಮರೆತುಹೋಗಿ, ಚೀಟಿಯೂ ಕೈಗೆ ಸಿಗದೆ, ಗಾಬರಿಯಲ್ಲಿ ‘ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಯಾವಾಗ ಬರುತ್ತದೆ’ ಎಂದು ಕೇಳಿಬಿಟ್ಟಳು. ಮಂತ್ರಿಯಾಗಿದ್ದ ಹುಡುಗ ಮೇಷ್ಟರ ಮುಖ ನೋಡಿದ, ಮೇಷ್ಟರು ಮುಖ್ಯ ಶಿಕ್ಷಕರ ಮುಖ ನೋಡಿದರು, ಮುಖ್ಯ ಶಿಕ್ಷಕರು ವೇದಿಕೆಯಲ್ಲಿದ್ದ ಪಂಚಾಯಿತಿ ಅಧ್ಯಕ್ಷರ ಕಡೆ ನೋಡದಿರಲು ಬಹಳ ಶ್ರಮಪಟ್ಟರು. ಸಭಾಧ್ಯಕ್ಷೆಯಾಗಿದ್ದ ಹುಡುಗಿ ಚುರುಕು. ಈ ಪ್ರಶ್ನೆ ಇಂದಿನ ಪಟ್ಟಿಯಲ್ಲಿಲ್ಲವೆಂದು ಹೇಳಿ ಸದನವನ್ನು ಮುಂದೂಡಿದಳು. ಸಂಸದೀಯ ನಡವಳಿಕೆಯನ್ನು ಇಷ್ಟು ಸಹಜವಾಗಿ ಮೈಗೂಡಿಸಿಕೊಂಡದ್ದಕ್ಕಾಗಿ ತೀರ್ಪುಗಾರರು ಆಕೆಗೆ ಉತ್ತಮ ಸಭಾಧ್ಯಕ್ಷೆ ಬಹುಮಾನ ಕೊಟ್ಟರು. ಪ್ರಶ್ನೆ ಕೇಳಿದವಳಿಗೆ ಸಂಭಾಷಣೆ ಮರೆತದ್ದಕ್ಕೆ ಅಂಕ ಹೋಯಿತು. ಮುಂದೆ ಮಕ್ಕಳ ಗ್ರಾಮ ಸಭೆಯಲ್ಲಿ ಅವಳು ಅದೇ ಪ್ರಶ್ನೆಯನ್ನು ಮರೆಯದೆ ಕೇಳಿದಾಗ ನಡಾವಳಿ ಪುಸ್ತಕದಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದು ದಾಖಲಾಯಿತು. ರಾಜ್ಯಶಾಸ್ತ್ರದ ಪಾಠ ಇದಕ್ಕಿಂತ ಚೆನ್ನಾಗಿ ಆಗುವುದಾದರೂ ಹೇಗೆ?

ಇವುಗಳಲ್ಲದೆ ದಿನಾಚರಣೆಗಳಿವೆ. ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯಲ್ಲಿ ಕರ್ನಾಟಕಕ್ಕೆ ಉತ್ತರಾಖಂಡ ಜೋಡಿಯಾಗಿರುವುದರಿಂದ, ಪಕ್ಕದ ತಾಲ್ಲೂಕನ್ನು ನೋಡದ ಮಕ್ಕಳು ಕೇದಾರನಾಥದ ಚಿತ್ರವನ್ನು ಥರ್ಮೊಕೋಲಿನಲ್ಲಿ ಕತ್ತರಿಸುವಷ್ಟು ನಿಪುಣರಾಗಿದ್ದಾರೆ. 2024ರ ಸೆಪ್ಟೆಂಬರ್ 15ರಂದು ಪ್ರಜಾಪ್ರಭುತ್ವ ದಿನದ ಅಂಗವಾಗಿ ಬೀದರ್‌ನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಉದ್ದದ ಮಾನವ ಸರಪಳಿ ಏರ್ಪಾಡಾಯಿತು. ಸಂವಿಧಾನವನ್ನು ಓದುವುದಕ್ಕಿಂತ ಅದಕ್ಕಾಗಿ ಕೈಹಿಡಿದು ನಿಲ್ಲುವುದು ಸುಲಭ ಎಂದು ಅಂದು ಬಿಸಿಲಿಗೆ ನಿಂತವರಿಗೆ ಅನ್ನಿಸಿರಲಾರದು. ಯಾವ ದಿನವನ್ನು ಹೇಗೆ ಆಚರಿಸಿದರೂ ಅದು ನಡೆದದ್ದು ಖಾತ್ರಿಯಾಗುವುದು ಜಿಪಿಎಸ್ ಫೋಟೊ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ವಾಟ್ಸ್‌ಆ್ಯಪ್ ಗುಂಪಿಗೆ ತಲುಪಿದಾಗ. ಫೋಟೊದ ಕೆಳಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಕಾಣಿಸದಿದ್ದರೆ ಕಾರ್ಯಕ್ರಮ ನಡೆದೇ ಇಲ್ಲವೆಂದು ಅರ್ಥ. ಬ್ಯಾನರ್ ತಡವಾಗಿ ಮುದ್ರಣವಾಗಿ ಬಂದರೆ ಮನೆಗೆ ಹೊರಟ ಮಕ್ಕಳನ್ನು ಗೇಟಿನಿಂದ ಕರೆತಂದು ಪೀಠಿಕೆಯನ್ನು ಮತ್ತೊಮ್ಮೆ ಓದಿಸುತ್ತಾರೆ, ‘ನಾವು, ಭಾರತದ ಜನತೆಯು’ ಎನ್ನುವಷ್ಟರಲ್ಲಿ ಫೋಟೊ ಆಗುತ್ತದೆ, ಮುಂದಿನ ಸಾರ್ವಭೌಮತೆ, ಸಮಾಜವಾದಗಳಿಗೆ ಬಸ್ಸು ಕಾಯುವುದಿಲ್ಲ.

ಇನ್ನು ಸ್ಥಳೀಯ ಇತಿಹಾಸದ ಅರಿವಿಗೆಂದು ಶಾಲೆಯಲ್ಲಿರುವ ಪರಂಪರೆ ಕೂಟದ ಮಾತು. ಪಠ್ಯದಲ್ಲಿ ಮಸ್ಕಿಯ ಶಾಸನವಿದೆ; 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರೊಬ್ಬರ ಕಣ್ಣಿಗೆ ಬಿದ್ದ ಆ ಬಂಡೆಯಿಂದಲೇ ‘ದೇವಾನಾಂಪ್ರಿಯ’ನೆಂಬುವನು ಅಶೋಕನೇ ಎಂದು ಗಟ್ಟಿಯಾಯಿತು, ಇದು ಒಂದು ಅಂಕದ ಪ್ರಶ್ನೆಗೆ ಬೀಳುತ್ತದೆಯಾದ್ದರಿಂದ ಎಲ್ಲರಿಗೂ ಬರುತ್ತದೆ. ಶಾಲೆಯ ಎದುರು, ರಸ್ತೆಯಾಚೆಗಿನ ಬೇವಿನ ಮರದ ಕೆಳಗೆ ಒಂದು ವೀರಗಲ್ಲೂ ಇದೆ. ಮೂರು ಹಂತಗಳಲ್ಲಿ ಕೆತ್ತಿದ ಕಲ್ಲು: ಕೆಳಗೆ ತುರುಗಳನ್ನು ಬಿಡಿಸಿಕೊಳ್ಳಲು ಬಿಲ್ಲುಹಿಡಿದು ನಿಂತ ಮನುಷ್ಯ, ನಡುವೆ ಅವನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ, ಪಟ್ಟಿಕೆಯಲ್ಲಿ ಸವೆದ ಎರಡು ಸಾಲು ಹಳಗನ್ನಡ. ಶಾಸನತಜ್ಞ ಬಿ.ಎಲ್. ರೈಸ್ ಊರೂರು ತಿರುಗಿ, ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ ಇಂಥ ಸಾವಿರಾರು ಸಾಲುಗಳನ್ನು ಅಚ್ಚು ಹಾಕಿಸಿದ್ದು ಯಾವ ಲಿಂಕನ್ನೂ ಒತ್ತದೆ. ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಮಕ್ಕಳನ್ನು ಆ ಕಲ್ಲಿನ ಬಳಿಗೆ ಕರೆದೊಯ್ಯುತ್ತೇನೆಂದರು. ಶಾಲೆಯ ಆವರಣ ದಾಟಿದರೆ ಅದು ಕ್ಷೇತ್ರ ಭೇಟಿ, ಕ್ಷೇತ್ರ ಭೇಟಿಗೆ ಪ್ರವಾಸದ ನಿಯಮಗಳೇ ಅನ್ವಯವೆಂದು ಕಚೇರಿಯಿಂದ ತಿಳಿದುಬಂದಿತು. ಪೋಷಕರ ಒಪ್ಪಿಗೆ ಪತ್ರಗಳನ್ನು ಅವರು ಎರಡು ದಿನದಲ್ಲಿ ಜೋಡಿಸಿದರು. ನಮೂನೆಯಲ್ಲಿ ಕಡ್ಡಾಯವಾಗಿ ತುಂಬಬೇಕಾದ ‘ವಾಹನದ ನೋಂದಣಿ ಸಂಖ್ಯೆ’ ಎಂಬಲ್ಲಿ ‘ನಡೆದು ಹೋಗುವುದು’ ಎಂದು ಬರೆದದ್ದರಿಂದ ಅರ್ಜಿ ಮರಳಿತು. ಅಷ್ಟರಲ್ಲಿ ಪರಂಪರೆ ಕೂಟದ ಉದ್ಘಾಟನೆಯ ದಿನ ಬಂದಿತು. ಬ್ಯಾನರಿನ ಒಂದು ತುದಿಯನ್ನು ಬೇವಿನ ಮರಕ್ಕೂ ಇನ್ನೊಂದನ್ನು ವೀರಗಲ್ಲಿಗೂ ಬಿಗಿದು ಕಟ್ಟಲಾಯಿತು, ಗಣ್ಯರು ಸಸಿಗೆ ನೀರೆರೆದರು. ಅರ್ಜಿಯನ್ನು ತಿದ್ದಿ ಮತ್ತೆ ಸಲ್ಲಿಸಲು ಶಿಕ್ಷಕಿ ಸೋಮವಾರ ಕಚೇರಿಗೆ ಹೋದಾಗ ಗುಮಾಸ್ತರು ಅದನ್ನು ಪಕ್ಕಕ್ಕಿಟ್ಟು, ಅವರ ಹೆಸರಿದ್ದ ಬೇರೊಂದು ಆದೇಶವನ್ನು ಕೈಗಿತ್ತರು: ಸ್ಥಳೀಯ ಇತಿಹಾಸ ಬೋಧನೆಯನ್ನು ಕುರಿತು ಜಿಲ್ಲಾ ಕೇಂದ್ರದಲ್ಲಿ ಮೂರು ದಿನಗಳ ತರಬೇತಿ, ಹಾಜರಾತಿ ಕಡ್ಡಾಯ.