ಘಟ್ಟದ ಮೇಲಿನ ನೌಕಾಪಡೆ

ನಿಜವಾದ ಯುದ್ಧನೌಕೆಯ ಮಾದರಿ ಮಾಡುವವರ ಪಾಡು ಯಾರಿಗೂ ಬೇಡ. ಒಂದು ಕಿಟಕಿ ಅರ್ಧ ಮಿಲಿಮೀಟರ್ ಆಚೀಚೆ ಆದರೂ ಸಾಕು, ಹಳೇ ಫೋಟೋ ಹಿಡಿದುಕೊಂಡು ಜಗಳಕ್ಕೆ ಬರುವ ಪಂಡಿತರಿದ್ದಾರೆ. ಅದಕ್ಕೇ ನಾನು ಇಲ್ಲದ ಹಡಗನ್ನು ಕಟ್ಟಲು ಹೊರಟೆ. ಹುಟ್ಟದೇ ಇದ್ದ ಹಡಗಿನ ಫೋಟೋ ಯಾರು ತಂದಾರು? ಅದೂ ಶಿರಸಿಯಲ್ಲಿ ಕೂತು! ಸಮುದ್ರ ಕಾಣಬೇಕೆಂದರೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಬೇಕಾದ ಊರಿನಲ್ಲಿ ನೌಕಾತಜ್ಞರು ಇರಲಿಕ್ಕಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಇಲ್ಲದ ಹಡಗಿಗೂ ಒಂದು ವಂಶಾವಳಿ ಬೇಕು. ಶರಾವತಿ ದಂಡೆಯ ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದವಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಕೊನೆಗೆ ಆ ರಾಜ್ಯ ಕೆಳದಿಯವರ ಪಾಲಾಯಿತು. ನನ್ನ ಕತೆಯಲ್ಲಿ ಮಾತ್ರ ಕೆಳದಿಯವರು ಸೋತು ವಾಪಸು ಹೋಗುತ್ತಾರೆ, ರಾಜ್ಯ ಮುನ್ನೂರು ವರ್ಷ ಮೆಣಸು ಮಾರುತ್ತಾ ದುಡ್ಡು ಮಾಡುತ್ತದೆ, 1908ರಲ್ಲಿ ಆ ದುಡ್ಡಿನಲ್ಲಿ ಒಂದು ಮಹಾನೌಕೆಗೆ ಆರ್ಡರ್ ಕೊಡುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 1906ರಲ್ಲಿ, ಬ್ರಿಟಿಷರು ಹನ್ನೆರಡು ಇಂಚಿನ ಹತ್ತು ಫಿರಂಗಿಗಳ ‘ಡ್ರೆಡ್‌ನಾಟ್’ ನೀರಿಗಿಳಿಸಿ ಜಗತ್ತಿನ ಉಳಿದೆಲ್ಲ ಹಡಗುಗಳನ್ನು ಒಂದೇ ದಿನಕ್ಕೆ ಹಳತು ಮಾಡಿದ್ದರಲ್ಲ, ನಮ್ಮ ರಾಣಿ ಮನೆತನ ಹಿಂದೆ ಬೀಳುವುದುಂಟೇ?

ಅಳತೆ 1:350. ಅಂದರೆ ನೂರ ಅರವತ್ತು ಮೀಟರಿನ ಡ್ರೆಡ್‌ನಾಟ್ ಸುಮಾರು ನಲವತ್ತಾರು ಸೆಂಟಿಮೀಟರಿಗೆ ಇಳಿಯುತ್ತದೆ. ನಮ್ಮದು ರಾಜಮನೆತನದ ಹಡಗಾದ್ದರಿಂದ ನಾಲ್ಕು ಸೆಂಟಿಮೀಟರ್ ಜಾಸ್ತಿ ಇಟ್ಟೆ. ಬಿಡಿಭಾಗಗಳಿಗೆ ಮನೆಯೇ ಗೋದಾಮು. ಹಳೇ ಕಿಟ್‌ಗಳಲ್ಲಿ ಉಳಿದ ಲಂಗರು, ದೋಣಿ, ಸಣ್ಣ ಫಿರಂಗಿಗಳ ಡಬ್ಬ ಇತ್ತು. ಸೊಳ್ಳೆಪರದೆ ಕತ್ತರಿಸಿದರೆ ಡೆಕ್ಕಿನ ಜಾಲರಿ. ಖಾಲಿ ರಿಫಿಲ್ಲು ಉಗಿಕೊಳವೆ. ಆಯಿಯ ಬಿಪಿ ಮಾತ್ರೆ ಮುಗಿದ ಪಟ್ಟಿಯಲ್ಲಿ ಸಾಲಾಗಿ ಗುಮ್ಮಟಗಳಿರುತ್ತವೆ. ಮಾತ್ರೆ ಮುಗಿಯುವ ಮೊದಲೇ ಪಟ್ಟಿ ಕೇಳಿದ್ದಕ್ಕೆ ನನ್ನ ಬಿಪಿಯ ಬಗ್ಗೆಯೂ ಮಾತು ಬಂತು. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು ಮೆತ್ತಗಾದಾಗ ಎಳೆದರೆ ಕೂದಲಿನಷ್ಟು ಸಪೂರ ಎಳೆ ಬರುತ್ತದೆ, ಅದು ವೈರ್‌ಲೆಸ್ ತಂತಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಮಕ್ಕಳಿಗಿಂತ ಮೊದಲು ಆಟಿಕೆ ಅಂಗಡಿಗೆ ನುಗ್ಗುವ ಮುದುಕ ಯಾರೆಂದು ಇನ್ನು ಯಾರೂ ಕೇಳಬೇಕಿಲ್ಲ.

ಮನೆಯಲ್ಲಿ ಸಿಗದ್ದನ್ನು ಪ್ರಿಂಟ್ ಮಾಡಬೇಕು. ರೆಸಿನ್ ಪ್ರಿಂಟರ್ ಎಂಬುದು ದ್ರವವನ್ನು ನೇರಳಾತೀತ ಬೆಳಕಿನಲ್ಲಿ ಪದರ ಪದರವಾಗಿ ಗಟ್ಟಿ ಮಾಡುವ ಯಂತ್ರ. ಪದರವೆಂದರೆ 0.05 ಮಿಲಿಮೀಟರ್, ಐದು ಸೆಂಟಿಮೀಟರ್ ಎತ್ತರದ ವಸ್ತುವಿಗೆ ಸಾವಿರ ಪದರ. ಶಿರಸಿಯ ಮಳೆಗಾಲದಲ್ಲಿ ಯಾವುದೋ ಮರ ಯಾವುದೋ ಲೈನಿನ ಮೇಲೆ ಬೀಳಲು ಮುಹೂರ್ತ ನೋಡುವುದು ನನ್ನ ಪ್ರಿಂಟರಿನ ಏಳುನೂರನೇ ಪದರಕ್ಕೆ. ಗೇರುಸೊಪ್ಪೆ ನೌಕಾಪಡೆಯ ಅರ್ಧ ಗೋಪುರ, ಮುಕ್ಕಾಲು ಗೋಪುರಗಳೆಲ್ಲ ಈಗಲೂ ಅಟ್ಟದ ಮೇಲಿವೆ. ಹಡಗು ಗುಂಡು ತಿಂದಂತೆ ತೋರಿಸುವಾಗ ಬೇಕಾಗುತ್ತವೆ ಎಂದು ಹೇಳಿಟ್ಟಿದ್ದೇನೆ.

ಪೂರ್ತಿ ಪ್ರಿಂಟಾದದ್ದನ್ನು ಆಲ್ಕೋಹಾಲಿನಲ್ಲಿ ತೊಳೆದು ಬಿಸಿಲಿಗಿಡಬೇಕು, ಆಗಲೇ ಅಂಟು ಹೋಗಿ ಗಟ್ಟಿಯಾಗುವುದು. ಆಷಾಢದ ಶಿರಸಿಯಲ್ಲಿ ಬಿಸಿಲೆಲ್ಲಿ! ಹಾಗಾಗಿ ಮುಂದಿನ ಬೇಸಿಗೆಗೆ ಕಾದು, ಅಂಗಳದಲ್ಲಿ ಹಲಸಿನ ಹಪ್ಪಳದ ಚಾಪೆಯ ಪಕ್ಕ ಎರಡು ಫಿರಂಗಿ ಗೋಪುರ, ಆರು ದೋಣಿ ಇಟ್ಟೆ. “ಇದೆಂತದೋ ಇದು? ತೆಗಿ ಮೊದ್ಲು!” ಎಂದು ಆಯಿ ಕೋಲು ತಂದರು. ಕೋಲು ಕಾಗೆಗೋ ನನಗೋ ಸ್ಪಷ್ಟವಾಗಲಿಲ್ಲ. ಕಾಗೆಗೆ ಅಷ್ಟೇ ಸಮಯ ಸಾಕಾಯಿತು. ಹಪ್ಪಳ ಬಿಟ್ಟು ಒಂದು ದೋಣಿಯನ್ನು ಎತ್ತಿಕೊಂಡು ತೆಂಗಿನ ಮರ ಹತ್ತಿತು. ನಮ್ಮ ಹಡಗಿನಲ್ಲಿ ಈಗಿರುವುದು ಐದೇ ದೋಣಿ, ಮುಳುಗಿದರೆ ಕೆಲವರು ಈಜಬೇಕು.

ಫೆವಿಕ್ವಿಕ್ಕಿನ ಸಂಗತಿ ಇದಕ್ಕೆ ಉಲ್ಟಾ. ಆ ಜಾತಿಯ ಅಂಟು ಗಟ್ಟಿಯಾಗುವುದೇ ತೇವದಿಂದ. ಮಳೆಗಾಲದಲ್ಲಿ ಟ್ಯೂಬಿನ ಮುಚ್ಚಳ ತೆಗೆದ ಮೇಲೆ ಯೋಚಿಸಲು ಪುರುಸೊತ್ತಿಲ್ಲ. ಲಂಗರು ಎಲ್ಲಿ ಕೂರಬೇಕೆಂದು ನಾನು ನಿರ್ಧರಿಸುವುದರೊಳಗೆ ಅದು ಹೆಬ್ಬೆರಳಿನಲ್ಲಿ ಕೂತಿರುತ್ತಿತ್ತು. ಬ್ಯಾಂಕಿನಲ್ಲಿ ಬೆರಳಚ್ಚು ಕೊಡುವಾಗ ಯಂತ್ರ ನನ್ನನ್ನು ಒಪ್ಪಲಿಲ್ಲ.

ಅಂತೂ ಹಡಗು ರೂಪಕ್ಕೆ ಬಂತು. ಆಗ ಪಕ್ಕದ ಮನೆಯ ಹೆಗಡೇರು ಬಂದರು. ಕವಳ ಹಾಕಿಕೊಂಡು, ಹಡಗಿಗೆ ಒಂದು ಸುತ್ತು ಬಂದು, ಮುಂದಿನ ಚಿಮಣಿಯ ಬೆನ್ನಿಗೇ ನಿಂತ ಕಂಬ ತೋರಿಸಿದರು.

“ತಮಾ, ಈ ಕಂಬದ ಮೇಲೆ ಎಂತ ಇದ್ದು?”

ಶತ್ರುವನ್ನು ನೋಡಿ ಗುರಿ ಹೇಳುವವನ ಅಟ್ಟಣಿಗೆ ಎಂದೆ.

“ಹಡಗು ಮುಂದೆ ಹೋಪಕಾದ್ರೆ ಹೊಗೆ ಪೂರಾ ಅವನ ಕಣ್ಣಿಗೇ ಹೋಗ್ತು. ಅಡಿಕೆ ಬೇಯ್ಸ ಒಲೆ ಹೂಡಕ್ಕಾದ್ರೂ ಗಾಳಿ ದಿಕ್ಕು ನೋಡವು.”

ನಾನು ತಬ್ಬಿಬ್ಬಾದದ್ದು ಯಾಕೆಂದರೆ, ಈ ಕಂಬ ನನ್ನ ಕಲ್ಪನೆಯದಲ್ಲ, ಡ್ರೆಡ್‌ನಾಟ್‌ನದೇ. ದೋಣಿ ಎತ್ತುವ ಕ್ರೇನಿಗೆ ಅನುಕೂಲವಾಗಲಿ ಎಂದು ಬ್ರಿಟಿಷರು ಮೂರು ಕಾಲಿನ ಕಂಬವನ್ನು ಚಿಮಣಿಯ ಹಿಂದೆ ಇಟ್ಟರು. ಮೇಲಿದ್ದವನು ಹೊಗೆಯಲ್ಲಿ ಬೆಂದುಹೋದ. ಸಾಮ್ರಾಜ್ಯದ ಎಂಜಿನಿಯರುಗಳ ತಲೆಗೆ ಹೊಳೆಯದ್ದನ್ನು ಅಡಿಕೆ ಬೇಯಿಸುವ ಹೆಗಡೇರು ಅರ್ಧ ಕವಳದಲ್ಲಿ ಹೇಳಿದ್ದರು. ಲಂಡನ್ನಿನವರೂ ಹೀಗೇ ಮಾಡಿದ್ದರು ಎಂದು ವಾದಿಸಿ ನೋಡಿದೆ. “ಅವಕ್ಕೆ ಅಡಿಕೆ ಇತ್ತಿಲ್ಲೆ” ಎಂದು ಪ್ರಕರಣ ಮುಗಿಸಿದರು.

ನೌಕಾಪಡೆಯ ಊರಿನಲ್ಲಾದರೂ ಗೌರವ ಸಿಕ್ಕೀತೆಂದು ಹಡಗನ್ನು ಮಿಕ್ಸರಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಾರವಾರದ ದಾರಿ ಹಿಡಿದೆ. ಕಂಬ ಪೆಟ್ಟಿಗೆಯಿಂದ ಹೊರಗೆ ಇಣುಕುತ್ತಿತ್ತು. ಕಂಡಕ್ಟರು ಲಗೇಜು ಟಿಕೆಟ್ ಎಂದರು. ತೊಡೆಯ ಮೇಲಿರುವುದು ಲಗೇಜಲ್ಲ ಎಂದು ನಾನು. ದೇವಿಮನೆಯ ತಿರುವುಗಳಲ್ಲಿ ವೈರ್‌ಲೆಸ್ ತಂತಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಕುಮಟೆಯಲ್ಲಿ ಬಸ್ಸು ಬದಲಿಸಿದಾಗ ಪಕ್ಕ ಕೂತವರು ಹೊನ್ನಾವರದ ಮೀನುಗಾರರು. ಅವರು ಹೊಗೆ ಕೇಳಲಿಲ್ಲ, ನೀರು ಕೇಳಿದರು.

“ಇದಕ್ಕೆ ಎಷ್ಟು ಆಳ ಬೇಕು ಮಾರಾಯ್ರೆ?”

ಎಂಟು ಮೀಟರ್ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಶರಾವತಿ ಅಳಿವೆಲಿ ನಮ್ಮ ಬೋಟೇ ಮರಳಿಗೆ ತಾಗ್ತದೆ. ನಿಮ್ಮ ರಾಣಿ ಹೊರಗೇ ಲಂಗರು ಹಾಕ್ಬೇಕು, ಪಾತಿದೋಣಿಲಿ ಹೋಗಿ ಊಟ ಮಾಡ್ಕಂಡು ಬರ್ಬೇಕು. ಅದಕ್ಕೂ ದೋಣಿ ಐದೇ ಉಂಟಲ್ಲ!”

ಕಾಗೆಯ ವಿಷಯ ಅವರಿಗೆ ಹೇಳಲು ಮನಸ್ಸಾಗಲಿಲ್ಲ.

ಕಾರವಾರದ ಟಾಗೋರ್ ಕಡಲತೀರದಲ್ಲಿ ‘ಚಪಲ್’ ನಿಂತಿದೆ, ಈಗ ಮ್ಯೂಸಿಯಂ. 1971ರ ಡಿಸೆಂಬರಿನಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ಕ್ಷಿಪಣಿ ದೋಣಿಗಳ ಒಸಾ ಜಾತಿಯದೇ ಇದು. ಉದ್ದ ನಲವತ್ತು ಮೀಟರೂ ಇಲ್ಲ. ನನ್ನ ಅಳತೆಯಲ್ಲಿ ಹನ್ನೊಂದು ಸೆಂಟಿಮೀಟರ್. ಬೆನ್ನ ಮೇಲೆ ನಾಲ್ಕು ಕ್ಷಿಪಣಿ ಡಬ್ಬ. ಅದರ ಮುಂದೆ ನನ್ನ ರಾಣಿಯನ್ನು ಹಿಡಿದು ಫೋಟೋ ತೆಗೆಯುತ್ತಿದ್ದಾಗ ಐಸ್‌ಕ್ಯಾಂಡಿ ಚೀಪುತ್ತಿದ್ದ ಹುಡುಗನೊಬ್ಬ, “ಇವೆರಡಕ್ಕೂ ಜಗಳ ಆದ್ರೆ ಯಾರು ಗೆಲ್ತಾರೆ ಅಂಕಲ್?” ಎಂದ. ಚಪಲ್ ಜಾತಿಯ ದೋಣಿಯ ಕ್ಷಿಪಣಿ ನಲವತ್ತು ಕಿಲೋಮೀಟರ್ ಹಾರುತ್ತದೆ, ನನ್ನ ಹನ್ನೆರಡು ಇಂಚಿನ ಫಿರಂಗಿಯ ಗುಂಡು ಅದರ ಅರ್ಧ ದೂರಕ್ಕೂ ಮುಟ್ಟದು. ಐಸ್‌ಕ್ಯಾಂಡಿ ಕರಗುತ್ತಿದೆ ನೋಡು ಎಂದೆ.

ಈಗ ಹೊಸ ಹಡಗಿಗೆ ಕೈಹಾಕಿದ್ದೇನೆ, ಮಾನಿಟರ್. ಬ್ರೆಜಿಲ್‌ನವರು ಅಮೆಜಾನ್ ನದಿಗೆಂದು ಕಟ್ಟಿಸಿದ್ದ ಇಂಥ ಮೂರು ತೆಳುನೀರಿನ ಹಡಗುಗಳನ್ನು 1914ರಲ್ಲಿ ಬ್ರಿಟಿಷರು ಕೊಂಡಿದ್ದರು. ನೀರಿನೊಳಗೆ ಮುಳುಗುವ ಭಾಗ ಎರಡು ಮೀಟರೂ ಇಲ್ಲ, ಶರಾವತಿಗೆ ಹೇಳಿ ಮಾಡಿಸಿದ್ದು. ಕಂಬ ಚಿಮಣಿಯ ಮುಂದಿದೆ. ದೋಣಿ ಎಂಟು. ನಕ್ಷೆಯನ್ನು ಮೊದಲೇ ಹೆಗಡೇರಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, ತಲೆ ಆಡಿಸಿ ಕೇಳಿದರು:

“ಎಲ್ಲ ಸರಿ ಇದ್ದು ತಮಾ. ಮೆಣಸಿನ ಚೀಲ ಹೇರದು ಎಲ್ಲಿ?”